ಮೆದುಳಿನ ಕೋಶ ಎಣಿಸಲು ಕಲಿಯೋಣ: ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಹೊಸಬರಿಗೆ ಹಂತ ಹಂತವಾಗಿ

ಮೆದುಳಿನ ತಳಭಾಗದಲ್ಲಿ ಕಪ್ಪಗೆ ಕಾಣುವ ಒಂದು ಪಟ್ಟಿ ಇದೆ. ಸಬ್‌ಸ್ಟಾನ್ಷಿಯಾ ನೈಗ್ರಾ ಎನ್ನುತ್ತಾರೆ. ಅಲ್ಲಿನ ನರಕೋಶಗಳು ಸಾಯತೊಡಗಿದರೆ ಪಾರ್ಕಿನ್ಸನ್ ಕಾಯಿಲೆ ಬರುತ್ತದೆ. ವಯಸ್ಸು ಏರಿದಂತೆ ಆರೋಗ್ಯವಂತರಲ್ಲೂ ಈ ಕೋಶಗಳು ಕಡಿಮೆಯಾಗುತ್ತ ಹೋಗುತ್ತವೆ ಎಂಬುದು ಪಶ್ಚಿಮದ ದೇಶಗಳ ಮೆದುಳುಗಳನ್ನು ನೋಡಿ ಬರೆದ ಪಾಠವಾಗಿತ್ತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಉದಯ್ ಮುಥಾನೆ, ಟಿ. ಸಿ. ಯಶಾ, ಎಸ್. ಕೆ. ಶಂಕರ್ ಅವರು ಭಾರತೀಯರ ಮೆದುಳುಗಳಲ್ಲಿ ಇದೇ ಕೋಶಗಳನ್ನು ಎಣಿಸಿ 1998ರಲ್ಲಿ ಬೇರೆಯದೇ ಉತ್ತರ ಕೊಟ್ಟರು. ಬ್ರಿಟನ್ನಿನ ಮೆದುಳುಗಳಿಗಿಂತ ಇಲ್ಲಿ ಕಪ್ಪು ಕೋಶಗಳು ಕಡಿಮೆ, ಆದರೆ ವಯಸ್ಸಿನ ಜೊತೆ ಅವು ಇಳಿಯುತ್ತಿಲ್ಲ. 2009ರಲ್ಲಿ ಫಲ್ಗುಣಿ ಆನಂದ್ ಅಲ್ಲಾಡಿ ಮತ್ತು ಸಹೋದ್ಯೋಗಿಗಳು ಇನ್ನೂ ಕಟ್ಟುನಿಟ್ಟಾದ ಎಣಿಕೆಯ ವಿಧಾನದಲ್ಲಿ ಮತ್ತೆ ನೋಡಿದರು. ಆಗಲೂ ಇಳಿಕೆ ಕಾಣಲಿಲ್ಲ. ಭಾರತದಲ್ಲಿ ಪಾರ್ಕಿನ್ಸನ್ ಕಡಿಮೆ ಏಕೆ ಎಂಬ ದೊಡ್ಡ ಪ್ರಶ್ನೆಗೆ ಇದೊಂದು ಸುಳಿವು. ಆ ಸುಳಿವು ನಿಂತಿರುವುದು ಸರಿಯಾಗಿ ಎಣಿಸುವ ಕೆಲಸದ ಮೇಲೆ.

ಈ ಕೆಲಸವನ್ನು ಇಂದು ಬಹುಪಾಲು ಸ್ವಯಂಚಾಲಿತ ಮೈಕ್ರೋಸ್ಕೋಪ್ ಮತ್ತು ಕಂಪ್ಯೂಟರ್ ಸೇರಿ ಮಾಡುತ್ತವೆ. ಕಲಿಯಲು ಬೆಂಗಳೂರಿಗೇ ಹೋಗಬೇಕಿಲ್ಲ, ಶುರುವಿಗೆ ಮೈಕ್ರೋಸ್ಕೋಪೂ ಬೇಕಿಲ್ಲ. 8 ಜಿಬಿ ಮೆಮೊರಿಯ ಒಂದು ಸಾಧಾರಣ ಲ್ಯಾಪ್‌ಟಾಪ್, ಫೋನಿನಿಂದ ಹಂಚಿಕೊಂಡ ಇಂಟರ್ನೆಟ್ ಇದ್ದರೆ ಸಾಕು. ಬಿಎಸ್‌ಸಿ ಪ್ರಾಣಿಶಾಸ್ತ್ರ ಓದುತ್ತಿರುವವರು, ವಿಮ್ಸ್‌ನ ವೈದ್ಯಕೀಯ ವಿದ್ಯಾರ್ಥಿಗಳು (ಹೆಸರು ಈಗ ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರ ಎಂದಾಗಿದ್ದರೂ ಆಟೋದವರಿಗೆ ವಿಮ್ಸ್ ಎಂದರೇ ತಿಳಿಯುವುದು), ಎಂಜಿನಿಯರಿಂಗ್ ಹುಡುಗ ಹುಡುಗಿಯರು, ಯಾರು ಬೇಕಾದರೂ ಶುರು ಮಾಡಬಹುದು. ಕೋಡಿಂಗ್ ಬಾರದಿದ್ದರೂ ನಡೆಯುತ್ತದೆ.

ಹಂತ 1: ಏನನ್ನು ಅಳೆಯಬೇಕು ಎಂದು ಒಂದು ಸಾಲಿನಲ್ಲಿ ಬರೆಯಿರಿ

ಸಾಫ್ಟ್‌ವೇರ್ ಇಳಿಸುವ ಮೊದಲೇ ಇದನ್ನು ಮಾಡಿ. ಕೋಶಗಳ ಸಂಖ್ಯೆಯೇ, ಗಾತ್ರವೇ, ಕೊಂಬೆಗಳ ಉದ್ದವೇ, ಅಥವಾ ಕೋಶ ಎಷ್ಟು ದಿನ ಬದುಕುತ್ತದೆ ಎಂಬುದೇ? ಒಂದೊಂದಕ್ಕೂ ಬಣ್ಣ ಹಾಕುವ ರೀತಿ ಬೇರೆ, ಚಿತ್ರ ತೆಗೆಯುವ ರೀತಿಯೂ ಬೇರೆ.

ಬೆಂಗಳೂರಿನದೇ ಇನ್ನೊಂದು ಉದಾಹರಣೆ ನೋಡಿ. 2002ರಲ್ಲಿ ಅಜಯ್ ವ್ಯಾಸ್, ರೂಪ್ಶಿ ಮಿತ್ರ, ಬಿ. ಎಸ್. ಶಂಕರನಾರಾಯಣ ರಾವ್, ಸುಮಂತ್ರ ಚಟ್ಟರ್ಜಿ ಅವರು ದೀರ್ಘಕಾಲದ ಒತ್ತಡ ಇಲಿಯ ಮೆದುಳಿಗೆ ಏನು ಮಾಡುತ್ತದೆ ಎಂದು ನೋಡಿದರು. ದಿನಕ್ಕೆ 2 ಗಂಟೆಯಂತೆ 10 ದಿನ ಇಲಿಗಳನ್ನು ಅಲುಗಾಡದಂತೆ ಇರಿಸಿ, ಆಮೇಲೆ ಗಾಲ್ಜಿ ವಿಧಾನದಲ್ಲಿ ಕೋಶಗಳಿಗೆ ಬಣ್ಣ ಹಾಕಿ ಕೊಂಬೆಗಳನ್ನು ಅಳೆದರು. ನೆನಪಿಗೆ ಬೇಕಾದ ಹಿಪ್ಪೋಕ್ಯಾಂಪಸ್‌ನಲ್ಲಿ ಕೊಂಬೆಗಳು ಕುಗ್ಗಿದ್ದವು. ಭಯಕ್ಕೆ ಸಂಬಂಧಿಸಿದ ಅಮಿಗ್ಡಲಾದಲ್ಲಿ ಬೆಳೆದಿದ್ದವು. ಕೋಶಗಳನ್ನು ಬರೀ ಎಣಿಸಿದ್ದರೆ ಈ ವಿಷಯ ಯಾರಿಗೂ ಸಿಗುತ್ತಿರಲಿಲ್ಲ.

ಮೊದಲ ಅಭ್ಯಾಸಕ್ಕೆ ಎಣಿಕೆಯನ್ನೇ ಆರಿಸಿಕೊಳ್ಳಿ. ಕೊಂಬೆಯ ಲೆಕ್ಕಕ್ಕೆ ತಾಳ್ಮೆ ಹೆಚ್ಚು ಬೇಕು.

ಹಂತ 2: ಫಿಜಿ ಇಳಿಸಿಕೊಳ್ಳಿ

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ವೇನ್ ರಾಸ್‌ಬ್ಯಾಂಡ್ ಎಂಬವರು ಕಟ್ಟಿದ ಇಮೇಜ್‌ಜೆ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಅದಕ್ಕೇ ಜೀವಶಾಸ್ತ್ರಕ್ಕೆ ಬೇಕಾದ ಉಪಕರಣಗಳನ್ನೆಲ್ಲ ಸೇರಿಸಿ ಕಟ್ಟಿಕೊಟ್ಟ ಗಂಟು ಫಿಜಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಇನ್‌ಸ್ಟಾಲ್ ಮಾಡುವ ಗೋಜಿಲ್ಲ, ಜಿಪ್ ಬಿಚ್ಚಿದರೆ ಆಯಿತು. ವಿಂಡೋಸ್‌ನಲ್ಲಿ ಅದನ್ನು ಪ್ರೋಗ್ರಾಂ ಫೈಲ್ಸ್ ಒಳಗೆ ಇಡಬೇಡಿ, ಅಪ್‌ಡೇಟ್ ಆಗುವಾಗ ಅನುಮತಿಯ ತಕರಾರು ಬರುತ್ತದೆ. ಡೆಸ್ಕ್‌ಟಾಪ್‌ನಲ್ಲೇ ಇಡಿ.

ಹಂತ 3: ಚಿತ್ರವನ್ನು ಅಂಕಿಗಳಾಗಿ ನೋಡಲು ಕಲಿಯಿರಿ

ಫೈಲ್ ಮೆನುವಿನ ಓಪನ್ ಸ್ಯಾಂಪಲ್ಸ್‌ನಲ್ಲಿ ನ್ಯೂರಾನ್ ಎಂಬ ಚಿತ್ರವಿದೆ. ಇಲಿಯ ಹಿಪ್ಪೋಕ್ಯಾಂಪಸ್‌ನ ನರಕೋಶ, 5 ಚಾನೆಲ್‌ಗಳಲ್ಲಿ. ತೆರೆದು, ಕೆಳಗಿನ ಪಟ್ಟಿಯನ್ನು ಎಳೆದು ಒಂದೊಂದೇ ಚಾನೆಲ್ ನೋಡಿ. ಅದೇ ಕೋಶ, ಪ್ರತಿ ಬಾರಿಯೂ ಬೇರೆ ಮುಖ. ಮೌಸನ್ನು ಚಿತ್ರದ ಮೇಲೆ ಆಡಿಸಿದರೆ ಫಿಜಿಯ ಪಟ್ಟಿಯಲ್ಲಿ ಅಂಕಿ ಬದಲಾಗುತ್ತದೆ. ಆ ಬಿಂದುವಿನಲ್ಲಿ ಬೆಳಕು ಎಷ್ಟಿತ್ತು ಎಂಬ ಲೆಕ್ಕ ಅದು. 8 ಬಿಟ್ ಚಿತ್ರವಾದರೆ 0ರಿಂದ 255ರವರೆಗೆ, 16 ಬಿಟ್ ಆದರೆ 65,535ರವರೆಗೆ. ನೀವು ನೋಡುವ ಬಣ್ಣಗಳೆಲ್ಲ ಆಮೇಲೆ ಬಳಿದವು, ಅಳತೆ ನಡೆಯುವುದು ಈ ಅಂಕಿಗಳ ಮೇಲೆ.

ಯಾವ ಚಾನೆಲ್‌ನಲ್ಲಿ ಏನಿದೆ ಎಂಬುದು ಬಣ್ಣ ಹಾಕಿದವರ ಕೈಯಲ್ಲಿರುತ್ತದೆ. ಸಾಮಾನ್ಯವಾಗಿ ಕೇಳುವ ಹೆಸರುಗಳು ಕೆಲವೇ. ಡ್ಯಾಪಿ ಎಲ್ಲ ಕೋಶಗಳ ನ್ಯೂಕ್ಲಿಯಸ್ಸನ್ನು ನೀಲಿಯಾಗಿ ಹೊಳೆಯಿಸುತ್ತದೆ. ನ್ಯೂ-ಎನ್ ನರಕೋಶಗಳಿಗೆ ಮಾತ್ರ ಅಂಟುತ್ತದೆ. ಜಿಎಫ್‌ಎಪಿ ನರಕೋಶಗಳಿಗೆ ಆಸರೆಯಾಗುವ ಆಸ್ಟ್ರೋಸೈಟ್‌ಗಳನ್ನು, ಇಬಾ-1 ಮೆದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾಗಳನ್ನು ತೋರಿಸುತ್ತದೆ. ಡ್ಯಾಪಿ ಎಣಿಸಿ "ನರಕೋಶ ಇಷ್ಟು" ಎಂದು ಬರೆದರೆ ಅದು ಸುಳ್ಳು. ಆ ಎಣಿಕೆಯಲ್ಲಿ ರಕ್ತನಾಳದ ಕೋಶವೂ ಸೇರಿರುತ್ತದೆ.

ಇನ್ನೊಂದು ಎಚ್ಚರಿಕೆ. ಜೆಪೆಗ್ ಮಾಡಿದ ಚಿತ್ರ ಅಂಕಿಗಳನ್ನು ಕೆಡಿಸಿರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಬಂದ ಚಿತ್ರವಂತೂ ಅಳತೆಗೆ ಕೆಲಸಕ್ಕೆ ಬಾರದು. ಟಿಫ್ ಫೈಲನ್ನೇ ಕೇಳಿ, ಪೆನ್‌ಡ್ರೈವ್‌ನಲ್ಲಿ ತನ್ನಿ.

ಹಂತ 4: ಅಭ್ಯಾಸದ ಚಿತ್ರಗಳನ್ನು ತನ್ನಿ

ಇಟಲಿಯ ಬೊಲೊನ್ಯ ವಿಶ್ವವಿದ್ಯಾಲಯದ ತಂಡವೊಂದು ಇಲಿಯ ಮೆದುಳಿನ ತೆಳು ಹೋಳುಗಳ 283 ಚಿತ್ರಗಳನ್ನು, ಯಾವುದು ಕೋಶ ಎಂದು ಗುರುತು ಹಾಕಿದ ಪ್ರತಿಗಳ ಸಮೇತ, ಎಲ್ಲರಿಗೂ ಬಿಟ್ಟುಕೊಟ್ಟಿದೆ. ಫ್ಲೋರೆಸೆಂಟ್ ನ್ಯೂರೊನಲ್ ಸೆಲ್ಸ್ ಎಂದು ಹುಡುಕಿದರೆ ಸಿಗುತ್ತದೆ. ಕತ್ತಲ ಹಿನ್ನೆಲೆಯಲ್ಲಿ ಹಳದಿ ನರಕೋಶಗಳು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಠ್ಯಪುಸ್ತಕ ನಾನು ಕಂಡಿಲ್ಲ, ಏಕೆಂದರೆ ಉತ್ತರವೂ ಜೊತೆಗೇ ಇದೆ. ಮಾಮೂಲಿ ಗುಲಾಬಿ-ನೇರಳೆ ಬಣ್ಣದ ರೋಗಶಾಸ್ತ್ರದ ಚಿತ್ರ ಬೇಕೆನ್ನುವವರಿಗೆ ನ್ಯೂಇನ್ಸ್‌ಸೆಗ್ ಎಂಬ ಸಂಗ್ರಹವಿದೆ. ಮನುಷ್ಯ ಮತ್ತು ಇಲಿಯ 31 ಅಂಗಗಳು, ಮೆದುಳೂ ಅದರಲ್ಲಿ ಸೇರಿದೆ.

ಹತ್ತು ಚಿತ್ರ ಸಾಕು. ಎಲ್ಲವನ್ನೂ ಇಳಿಸಿ ಡೇಟಾ ಮುಗಿಸಬೇಡಿ.

ಹಂತ 5: ಮೊದಲು ನಿಮ್ಮ ಕಣ್ಣಿನಿಂದ ಎಣಿಸಿ

ಬಹಳ ಜನ ಈ ಹಂತವನ್ನು ಹಾರಿಬಿಡುತ್ತಾರೆ, ಕೆಲಸ ಕೆಡುವುದೂ ಇಲ್ಲೇ. ಫಿಜಿಯ ಮಲ್ಟಿ-ಪಾಯಿಂಟ್ ಉಪಕರಣ ತೆಗೆದುಕೊಂಡು, ಕಂಡ ಪ್ರತಿ ಕೋಶದ ಮೇಲೆ ಒಂದು ಚುಕ್ಕೆ ಇಡಿ. ಇಡುತ್ತ ಹೋದಂತೆ ಪ್ರಶ್ನೆಗಳು ಏಳುತ್ತವೆ. ಅಂಚಿನಲ್ಲಿ ಅರ್ಧ ಕಾಣುವುದನ್ನು ಎಣಿಸುವುದೇ? ಮಸುಕಾಗಿ, ಆಳದಲ್ಲಿ ಇರುವಂತೆ ಕಾಣುವುದನ್ನು? ಒಂದಕ್ಕೊಂದು ಅಂಟಿಕೊಂಡ ಎರಡನ್ನು? ಪ್ರತಿ ಪ್ರಶ್ನೆಗೂ ಒಂದು ನಿಯಮ ಮಾಡಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅಂಚಿನ ಕೋಶಗಳಿಗೆ ಹಳೆಯ, ನಂಬಬಹುದಾದ ನಿಯಮ: ಮೇಲಿನ ಮತ್ತು ಬಲಗಡೆಯ ಅಂಚನ್ನು ಮುಟ್ಟಿದ್ದನ್ನು ಎಣಿಸಿ, ಕೆಳಗಿನ ಮತ್ತು ಎಡಗಡೆಯ ಅಂಚು ಮುಟ್ಟಿದ್ದನ್ನು ಬಿಡಿ.

ಮಾರನೆಯ ದಿನ ಅದೇ ಚಿತ್ರಗಳನ್ನು ಹಳೆಯ ಚುಕ್ಕೆ ನೋಡದೆ ಮತ್ತೆ ಎಣಿಸಿ. ಸಾಧ್ಯವಾದರೆ ಗೆಳತಿಯೊಬ್ಬಳ ಕೈಲೂ ಎಣಿಸಿ. ನಿಮ್ಮಿಬ್ಬರ ನಡುವೆಯೇ ನೂರಕ್ಕೆ ಹತ್ತರಷ್ಟು ವ್ಯತ್ಯಾಸ ಬಂದರೆ, ಕಂಪ್ಯೂಟರ್‌ನಿಂದ ಅದಕ್ಕಿಂತ ನಿಖರವಾದುದನ್ನು ಕೇಳುವುದರಲ್ಲಿ ಅರ್ಥವಿಲ್ಲ. ಕಂಪ್ಯೂಟರ್ ನಿಮ್ಮ ತೀರ್ಮಾನವನ್ನು ದಣಿಯದೆ ಸಾವಿರ ಸಲ ಹಾಗೇ ಮಾಡುತ್ತದೆ, ಅಷ್ಟೇ. ತೀರ್ಮಾನ ಮಾತ್ರ ನಿಮ್ಮದೇ.

ಹಂತ 6: ಈಗ ಫಿಜಿಗೆ ಕಲಿಸಿ

ಚಿತ್ರವನ್ನು ತೆರೆದು, ಇಮೇಜ್ ಮೆನುವಿನಿಂದ ಬಣ್ಣದ ಚಾನೆಲ್‌ಗಳನ್ನು ಬೇರೆ ಮಾಡಿ, ಕೋಶ ಚೆನ್ನಾಗಿ ಕಾಣುವುದನ್ನು ಇಟ್ಟುಕೊಳ್ಳಿ. ಮೂಲ ಚಿತ್ರದ ಮೇಲೆ ಕೈ ಹಚ್ಚಬೇಡಿ, ಡೂಪ್ಲಿಕೇಟ್ ಮಾಡಿಕೊಂಡು ಅದರ ಮೇಲೆ ಕೆಲಸ ಮಾಡಿ.

ಮೊದಲು ಹಿನ್ನೆಲೆ ತೆಗೆಯಬೇಕು. ಪ್ರೋಸೆಸ್ ಮೆನುವಿನ ಸಬ್‌ಟ್ರ್ಯಾಕ್ಟ್ ಬ್ಯಾಕ್‌ಗ್ರೌಂಡ್ ಒಂದು ತ್ರಿಜ್ಯ ಕೇಳುತ್ತದೆ. ನಿಮ್ಮ ಅತಿ ದೊಡ್ಡ ಕೋಶಕ್ಕಿಂತ ಅದು ದೊಡ್ಡದಿರಲಿ, ಇಲ್ಲದಿದ್ದರೆ ಕೋಶವನ್ನೇ ಹಿನ್ನೆಲೆ ಎಂದು ಅಳಿಸಿಬಿಡುತ್ತದೆ. ಆಮೇಲೆ ಗಾಸಿಯನ್ ಬ್ಲರ್, ಸಿಗ್ಮಾ 1 ಅಥವಾ 2. ಕ್ಯಾಮೆರಾದ ಚುಕ್ಕೆ ಚುಕ್ಕೆ ಗದ್ದಲ ಇದರಿಂದ ಶಾಂತವಾಗುತ್ತದೆ.

ಮುಂದಿನದು ಥ್ರೆಶೋಲ್ಡ್: ಇದಕ್ಕಿಂತ ಹೊಳೆಯುವುದೆಲ್ಲ ಕೋಶ, ಉಳಿದದ್ದು ಅಲ್ಲ ಎಂಬ ಗೆರೆ. ಇಮೇಜ್, ಅಡ್ಜಸ್ಟ್, ಥ್ರೆಶೋಲ್ಡ್. ಡಾರ್ಕ್ ಬ್ಯಾಕ್‌ಗ್ರೌಂಡ್ ಎಂಬುದಕ್ಕೆ ಟಿಕ್ ಹಾಕಿ. ಪಟ್ಟಿಯಲ್ಲಿ ಒಟ್ಸು ಎಂದು ಕಾಣುತ್ತದೆ. ಜಪಾನಿನ ನೊಬುಯುಕಿ ಒಟ್ಸು 1979ರಲ್ಲಿ ಪ್ರಕಟಿಸಿದ ವಿಧಾನ ಅದು. ಬೆಳಕಿನ ಅಂಕಿಗಳನ್ನು ಎರಡು ಗುಂಪು ಮಾಡಿ, ಗುಂಪುಗಳ ನಡುವಿನ ಅಂತರ ಗರಿಷ್ಠವಾಗುವ ಕಡೆ ಗೆರೆ ಎಳೆಯುತ್ತದೆ. ಒಂದು ಚಿತ್ರದಲ್ಲಿ ಒಟ್ಸು ಚೆನ್ನಾಗಿ ಕೆಲಸ ಮಾಡಿ ಇನ್ನೊಂದರಲ್ಲಿ ಕೈ ಕೊಟ್ಟರೆ, ಟ್ರೈಯಾಂಗಲ್ ಅಥವಾ ಲೀ ನೋಡಿ. ಆದರೆ ಒಂದು ಆರಿಸಿದ ಮೇಲೆ ಎಲ್ಲ ಚಿತ್ರಗಳಿಗೂ ಅದೇ ಇರಲಿ. ಚಿತ್ರಕ್ಕೊಂದು ವಿಧಾನ ಬದಲಿಸುತ್ತ ಹೋದರೆ, ಗೊತ್ತಿಲ್ಲದೆಯೇ ನಿಮಗೆ ಬೇಕಾದ ಉತ್ತರ ಬರುವಂತೆ ಮಾಡಿಕೊಳ್ಳುತ್ತೀರಿ.

ಇನ್ನು ಅಂಟಿಕೊಂಡ ಕೋಶಗಳ ಪಾಡು. ಇದಕ್ಕೆ ಪ್ರೋಸೆಸ್, ಬೈನರಿ, ವಾಟರ್‌ಶೆಡ್. ಇದರ ಒಳಗುಟ್ಟು ಸಿರುಗುಪ್ಪದ ಭತ್ತದ ಗದ್ದೆ ನೋಡಿದವರಿಗೆ ತಟ್ಟನೆ ಹೊಳೆಯುತ್ತದೆ. ಪ್ರತಿ ಕೋಶದ ನಡುಭಾಗ ತಗ್ಗು, ಅಂಚು ದಿಬ್ಬ ಎಂದು ಲೆಕ್ಕ ಹಾಕಿ, ಪ್ರತಿ ತಗ್ಗಿನಿಂದ ನೀರು ಏರಿಸುತ್ತ ಬರುತ್ತದೆ. ಎರಡು ಮಡಿಗಳ ನೀರು ಎಲ್ಲಿ ಸೇರಲು ಬರುತ್ತದೋ ಅಲ್ಲಿ ಒಂದು ಬದು ಹಾಕುತ್ತದೆ. ಆ ಬದುವೇ ಎರಡು ಕೋಶಗಳ ಗಡಿ. ದುಂಡಗಿನ ನ್ಯೂಕ್ಲಿಯಸ್‌ಗಳಿಗೆ ಇದು ಬಲು ಚೆನ್ನ. ಉದ್ದಕ್ಕೆ, ಸೊಟ್ಟಕ್ಕೆ ಇರುವ ಕೋಶಗಳನ್ನು ಮಾತ್ರ ಎರಡು ಮೂರು ತುಂಡು ಮಾಡಿಬಿಡುತ್ತದೆ. ನಿಮ್ಮ ಚಿತ್ರದಲ್ಲಿ ಹಾಗಾದರೆ ವಾಟರ್‌ಶೆಡ್ ಬಿಟ್ಟುಬಿಡಿ.

ಕೊನೆಗೆ ಅನಲೈಸ್ ಪಾರ್ಟಿಕಲ್ಸ್. ಕನಿಷ್ಠ ಗಾತ್ರ ಕೊಡಿ, ಇಲ್ಲದಿದ್ದರೆ ಧೂಳಿನ ಕಣಗಳೆಲ್ಲ ಕೋಶವಾಗುತ್ತವೆ. ಎಷ್ಟು ಕೊಡಬೇಕು? ಕೈಯಿಂದ ಎಣಿಸಿದ ಕೋಶಗಳಲ್ಲಿ ಅತಿ ಚಿಕ್ಕ ಮೂರ್ನಾಲ್ಕನ್ನು ಅಳೆದು ನೋಡಿ, ಅದರ ಅರ್ಧ ಇಡಿ.

ಈಗಲೇ ಸೆಲ್‌ಪೋಸ್, ಸ್ಟಾರ್‌ಡಿಸ್ಟ್ ಮುಂತಾದ ಕೃತಕ ಬುದ್ಧಿಮತ್ತೆಯ ಉಪಕರಣಗಳಿಗೆ ಹೋಗಬಾರದೇ ಎಂದು ಕೇಳುವವರಿದ್ದಾರೆ. ಹೋಗಬಹುದು, ಒತ್ತಾಗಿ ತುಂಬಿದ ಚಿತ್ರಗಳಲ್ಲಿ ಅವು ಥ್ರೆಶೋಲ್ಡ್‌ಗಿಂತ ಬಹಳ ಮುಂದೆ ಇವೆ, ಉಚಿತವೂ ಹೌದು. ನನ್ನ ಸಲಹೆ ಮಾತ್ರ ಇಷ್ಟು: ಥ್ರೆಶೋಲ್ಡ್ ಎಲ್ಲಿ ಸೋಲುತ್ತದೆ, ಏಕೆ ಸೋಲುತ್ತದೆ ಎಂದು ಒಮ್ಮೆ ಕಣ್ಣಾರೆ ನೋಡದವರಿಗೆ ಸೆಲ್‌ಪೋಸ್ ಸೋತಾಗಲೂ ಗೊತ್ತಾಗುವುದಿಲ್ಲ.

ಹಂತ 7: ಕೈ ಎಣಿಕೆಯ ಪಕ್ಕದಲ್ಲಿಟ್ಟು ನೋಡಿ

ನೀವು 100 ಎಣಿಸಿದಿರಿ, ಫಿಜಿಯೂ 100 ಎಂದಿತು. ಖುಷಿ ಪಡಬೇಡಿ. 20 ಕೋಶಗಳನ್ನು ಬಿಟ್ಟು 20 ಕಸವನ್ನು ಎಣಿಸಿದರೂ ಮೊತ್ತ 100 ಆಗುತ್ತದೆ. ಆದ್ದರಿಂದ ಮೊತ್ತವನ್ನಲ್ಲ, ಒಂದೊಂದು ಕೋಶವನ್ನೂ ಹೋಲಿಸಬೇಕು. ನಿಮ್ಮ 100ರಲ್ಲಿ ಫಿಜಿ 81ನ್ನು ಹಿಡಿಯಿತು ಎನ್ನಿ, ಅದು ಗುರುತು ಹಾಕಿದ್ದು ಒಟ್ಟು 90. ಹಿಡಿದ ಪ್ರಮಾಣ ನೂರಕ್ಕೆ 81, ಹಿಡಿದದ್ದರಲ್ಲಿ ಸರಿಯಾದದ್ದು ನೂರಕ್ಕೆ 90. ಈ ಎರಡೂ ಅಂಕಿಗಳನ್ನು ಬರೆದಿಡಿ. ಸೆಟ್ಟಿಂಗ್ ಹೊಂದಿಸಲು 5 ಚಿತ್ರ, ಪರೀಕ್ಷೆಗೆ ಬೇರೆಯೇ 5 ಚಿತ್ರ ಇಟ್ಟುಕೊಳ್ಳಿ. ಅಭ್ಯಾಸ ಮಾಡಿಸಿದ ಪ್ರಶ್ನೆಯನ್ನೇ ಪರೀಕ್ಷೆಯಲ್ಲಿ ಕೇಳಿದರೆ ಎಲ್ಲರೂ ಪಾಸು.

ಸಮಾಧಾನವಾದ ಮೇಲೆ ಪ್ಲಗಿನ್ಸ್, ಮ್ಯಾಕ್ರೋಸ್, ರೆಕಾರ್ಡ್ ಒತ್ತಿ, ಇದೇ ಕ್ರಮವನ್ನು ಮತ್ತೊಮ್ಮೆ ಮಾಡಿ. ಫಿಜಿ ನಿಮ್ಮ ಪ್ರತಿ ಕ್ಲಿಕ್ಕನ್ನೂ ಸಾಲು ಸಾಲಾಗಿ ಬರೆದುಕೊಳ್ಳುತ್ತದೆ. ಅದನ್ನು ಉಳಿಸಿ ಬ್ಯಾಚ್ ಮೂಲಕ ಇಡೀ ಫೋಲ್ಡರಿನ ಮೇಲೆ ಓಡಿಸಬಹುದು. ಸ್ವಯಂಚಾಲಿತ ವಿಶ್ಲೇಷಣೆ ಎಂದರೆ ಇದೇ, ಬೇರೇನೂ ಮಾಯವಿಲ್ಲ.

ಹಂತ 8: ಚಿತ್ರವನ್ನು ನೀವೇ ತೆಗೆಯಿರಿ

ಕಾಲೇಜಿನ ಸಾಧಾರಣ ಮೈಕ್ರೋಸ್ಕೋಪಿನಲ್ಲೇ ಶುರು ಮಾಡಿ. ಅಂಗರಚನಾಶಾಸ್ತ್ರ ಅಥವಾ ಪ್ರಾಣಿಶಾಸ್ತ್ರ ವಿಭಾಗದ ಬೋಧನಾ ಸ್ಲೈಡ್‌ಗಳಲ್ಲಿ ಸೆರೆಬೆಲ್ಲಮ್ ಇರುತ್ತದೆ. ಅದರ ಪರ್ಕಿಂಜೆ ಕೋಶಗಳು ದೊಡ್ಡವು, ಒಂದೇ ಸಾಲಿನಲ್ಲಿ ನಿಂತಿರುತ್ತವೆ, ಹೊಸಬರ ಕಣ್ಣಿಗೂ ತಪ್ಪುವುದಿಲ್ಲ. ಫೋನನ್ನು ಐಪೀಸಿಗೆ ಹಿಡಿಕೆಯೊಂದರಿಂದ ಕೂರಿಸಿ, ಪ್ರೊ ಮೋಡ್‌ನಲ್ಲಿ ಬೆಳಕು ಮತ್ತು ಬಣ್ಣದ ಸೆಟ್ಟಿಂಗ್‌ಗಳನ್ನು ಸ್ಥಿರ ಮಾಡಿ. ಆಟೋ ಬಿಟ್ಟರೆ ಫೋನು ಪ್ರತಿ ಚಿತ್ರವನ್ನೂ ತನಗೆ ತೋಚಿದಂತೆ ಬೆಳಗಿಸುತ್ತದೆ. ಪ್ರೊ ಮೋಡ್‌ನಲ್ಲಿ ರಾ ಚಿತ್ರ ಉಳಿಸುವ ಸೌಲಭ್ಯವಿದ್ದರೆ ಅದನ್ನೇ ಬಳಸಿ. ಅದೇ ಲೆನ್ಸಿನಲ್ಲಿ ಸ್ಟೇಜ್ ಮೈಕ್ರೋಮೀಟರಿನದೂ ಒಂದು ಚಿತ್ರ ತೆಗೆಯಿರಿ. ಅದರಲ್ಲಿ 1 ಮಿಲಿಮೀಟರನ್ನು 100 ಭಾಗ ಮಾಡಿರುತ್ತಾರೆ, ಒಂದು ಭಾಗ 10 ಮೈಕ್ರಾನ್. 10 ಭಾಗದ ಮೇಲೆ ಗೆರೆ ಎಳೆದು, ಸೆಟ್ ಸ್ಕೇಲ್‌ನಲ್ಲಿ 100 ಮೈಕ್ರಾನ್ ಎಂದು ತುಂಬಿ. ರೋಗಿಗಳ ಸ್ಲೈಡ್ ಮುಟ್ಟಬೇಡಿ. ಅದಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಲೇಬಲ್ ಕಾಣುವಂತೆ ಫೋಟೋ ತೆಗೆಯುವುದಂತೂ ತಪ್ಪೇ.

ಈಗ ನಿಜವಾದ ಸ್ವಯಂಚಾಲಿತ ಮೈಕ್ರೋಸ್ಕೋಪಿಗೆ ಬರೋಣ. ಅದಕ್ಕೆ ಮೋಟಾರಿನಿಂದ ಚಲಿಸುವ ಸ್ಟೇಜ್, ತಾನೇ ಫೋಕಸ್ ಮಾಡಿಕೊಳ್ಳುವ ವ್ಯವಸ್ಥೆ, ಕ್ಯಾಮೆರಾ, ಇವನ್ನೆಲ್ಲ ನಡೆಸುವ ಸಾಫ್ಟ್‌ವೇರ್ ಇರುತ್ತವೆ. ಮೈಕ್ರೋ-ಮ್ಯಾನೇಜರ್ ಎಂಬ ಉಚಿತ ಸಾಫ್ಟ್‌ವೇರ್ ಈ ಕೆಲಸಕ್ಕೆ ಹೆಸರುವಾಸಿ. ಯಂತ್ರ ಸ್ಲೈಡನ್ನು ಚೌಕ ಚೌಕವಾಗಿ ಸರಿಸುತ್ತ ಚಿತ್ರ ತೆಗೆದು, ಕೊನೆಗೆ ಹೊಲಿಯುತ್ತದೆ. ಒಂದು ಲೆಕ್ಕ ಹಾಕಿ ನೋಡಿ. ಕ್ಯಾಮೆರಾದ ಒಂದು ಪಿಕ್ಸೆಲ್ 6.5 ಮೈಕ್ರಾನ್, ಲೆನ್ಸ್ 20 ಪಟ್ಟು ಎಂದರೆ ಚಿತ್ರದಲ್ಲಿ ಒಂದು ಪಿಕ್ಸೆಲ್ 0.325 ಮೈಕ್ರಾನ್. ಅಗಲ 2048 ಪಿಕ್ಸೆಲ್ ಇದ್ದರೆ ಒಂದು ಚೌಕ ಸುಮಾರು 666 ಮೈಕ್ರಾನ್. ಅಕ್ಕಪಕ್ಕದ ಚೌಕಗಳು ನೂರಕ್ಕೆ 10ರಷ್ಟು ಮೇಲೆ ಮೇಲೆ ಬರುವಂತೆ ಇಟ್ಟರೆ, 1 ಸೆಂಟಿಮೀಟರ್ ಚದರದ ಹೋಳಿಗೆ 17ಕ್ಕೆ 17, ಅಂದರೆ 289 ಚಿತ್ರ. 16 ಬಿಟ್‌ನಲ್ಲಿ ಒಂದು ಚಾನೆಲ್‌ಗೆ ಸುಮಾರು 2.4 ಜಿಬಿ, ನಾಲ್ಕು ಚಾನೆಲ್‌ಗೆ 10 ಜಿಬಿಯ ಹತ್ತಿರ. ಅದೂ ಒಂದೇ ಹೋಳಿಗೆ. ಕೈಯಿಂದ ಎಣಿಸುವ ಕಾಲ ಏಕೆ ಮುಗಿಯಿತು ಎಂಬುದಕ್ಕೆ ಈ ಲೆಕ್ಕವೇ ಸಾಕು.

ಯಂತ್ರ ಬರೀ ವೇಗಕ್ಕಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಗ್ಲ್ಯಾಡ್‌ಸ್ಟೋನ್ ಸಂಸ್ಥೆಯಲ್ಲಿ ಸ್ಟೀವ್ ಫಿಂಕ್‌ಬೈನರ್ ತಂಡ ಅದದೇ ನರಕೋಶವನ್ನು ದಿನ ದಿನವೂ ಹುಡುಕಿಕೊಂಡು ಬಂದು ಚಿತ್ರ ತೆಗೆಯುವ ಮೈಕ್ರೋಸ್ಕೋಪ್ ಕಟ್ಟಿತು. ಹಂಟಿಂಗ್‌ಟನ್ ಕಾಯಿಲೆಯಲ್ಲಿ ಕೋಶದೊಳಗೆ ಕಾಣುವ ಪ್ರೋಟೀನ್ ಗಂಟುಗಳೇ ಕೋಶವನ್ನು ಕೊಲ್ಲುತ್ತವೆ ಎಂಬ ಅನುಮಾನವಿತ್ತು. 2004ರಲ್ಲಿ ಅವರು ತೋರಿಸಿದ್ದು ಉಲ್ಟಾ: ಗಂಟು ಕಟ್ಟಿದ ಕೋಶಗಳು ಹೆಚ್ಚು ಕಾಲ ಬದುಕುತ್ತಿದ್ದವು. ಸತ್ತ ಮೇಲೆ ಎಣಿಸಿದ್ದರೆ ಇದು ತಿಳಿಯುವುದು ಕಷ್ಟ.

ಬಿಐಟಿಎಂ, ಆರ್‌ವೈಎಂಇಸಿಯಂಥ ಎಂಜಿನಿಯರಿಂಗ್ ಕಾಲೇಜುಗಳವರಿಗೆ ಒಂದು ಪ್ರಾಜೆಕ್ಟ್ ಸುಳಿವು. ಓಪನ್‌ಫ್ಲೆಕ್ಷರ್ ಎಂಬ ಮೈಕ್ರೋಸ್ಕೋಪನ್ನು ತ್ರೀಡಿ ಪ್ರಿಂಟರಿನಲ್ಲಿ ಮುದ್ರಿಸಿ, ರಾಸ್ಪ್‌ಬೆರಿ ಪೈ ಮತ್ತು ಚಿಕ್ಕ ಮೋಟಾರುಗಳಿಂದ ನಡೆಸಬಹುದು. ನಕ್ಷೆಗಳೆಲ್ಲ ಉಚಿತ. ಫೋಕಸ್, ಚೌಕ ಚೌಕವಾಗಿ ಸ್ಕ್ಯಾನ್, ಎರಡನ್ನೂ ಮಾಡುತ್ತದೆ. ಆದರೆ ಬಳ್ಳಾರಿಯ ಹವೆಗೆ ತಯಾರಾಗಿ. 40 ಡಿಗ್ರಿ ದಾಟಿದ ಮಧ್ಯಾಹ್ನ ಕೋಣೆಯ ತಾಪ ಏರಿಳಿದರೆ ಭಾಗಗಳು ಹಿಗ್ಗಿ ಫೋಕಸ್ ಜಾರುತ್ತದೆ, ಬೆಳಿಗ್ಗೆಯೇ ಸ್ಕ್ಯಾನ್ ಮಾಡಿ. ಕೆಂಪು ಧೂಳು ಲೆನ್ಸಿಗೆ ಬೀಳದಂತೆ ಸದಾ ಮುಚ್ಚಿಡಿ, ಬಟ್ಟೆಯಿಂದ ಉಜ್ಜಬೇಡಿ, ಮೊದಲು ಗಾಳಿಯ ಬಲ್ಬಿನಿಂದ ಊದಿ. ಯುಪಿಎಸ್ ಇಲ್ಲದೆ ಉದ್ದ ಸ್ಕ್ಯಾನ್ ಶುರು ಮಾಡಬೇಡಿ. ಪ್ರತಿ ಚೌಕವೂ ತೆಗೆದ ಕೂಡಲೇ ಡಿಸ್ಕಿಗೆ ಉಳಿಯುವಂತೆ ಇಡಿ. ಕರೆಂಟು ಹೋದರೂ ಅಲ್ಲಿಯವರೆಗಿನದು ದಕ್ಕುತ್ತದೆ.

ಹಂತ 9: ಲೆಕ್ಕ ಬರೆಯುವಾಗ

ಒಂದೇ ಇಲಿಯಿಂದ 3,000 ಕೋಶ ಎಣಿಸಿದರೂ ನಿಮ್ಮ ಬಳಿ ಇರುವುದು ಒಂದು ಇಲಿ. ಹೋಲಿಕೆ ಇಲಿಗಳ ನಡುವೆ, ಕೋಶಗಳ ನಡುವೆ ಅಲ್ಲ. ಯಾವುದು ಯಾವ ಗುಂಪಿನದು ಎಂದು ತಿಳಿಯದಂತೆ ಫೈಲ್ ಹೆಸರುಗಳನ್ನು ಬೇರೆಯವರಿಂದ ಬದಲಿಸಿಕೊಂಡು ಆಮೇಲೆ ವಿಶ್ಲೇಷಿಸಿ. ತೆಳು ಹೋಳಿನಲ್ಲಿ ಎಣಿಸುವಾಗ ದೊಡ್ಡ ಕೋಶ ಎರಡು ಹೋಳುಗಳಲ್ಲೂ ಸಿಕ್ಕಿ ಎರಡು ಸಲ ಎಣಿಕೆಯಾಗುತ್ತದೆ. ಅಬರ್‌ಕ್ರೋಂಬಿ ಎಂಬ ವಿಜ್ಞಾನಿ 1946ರಲ್ಲೇ ಇದಕ್ಕೆ ಒಂದು ಸರಳ ತಿದ್ದುಪಡಿ ಕೊಟ್ಟರು: ಎಣಿಕೆಯನ್ನು ಹೋಳಿನ ದಪ್ಪದಿಂದ ಗುಣಿಸಿ, ದಪ್ಪ ಮತ್ತು ನ್ಯೂಕ್ಲಿಯಸ್ಸಿನ ಸರಾಸರಿ ಎತ್ತರ ಇವೆರಡರ ಮೊತ್ತದಿಂದ ಭಾಗಿಸಿ. ಹೋಳು 20 ಮೈಕ್ರಾನ್, ನ್ಯೂಕ್ಲಿಯಸ್ 10 ಎಂದಾದರೆ 150 ಎಣಿಸಿದ್ದು 100 ಆಗುತ್ತದೆ.

ಮುಂದಿನ ದಾರಿ

ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳು ಬ್ಯಾಂಕ್ ಇದೆ, ಸಾರ್ವಜನಿಕರು ನೋಡಬಹುದಾದ ಮೆದುಳು ಸಂಗ್ರಹಾಲಯವೂ ಇದೆ. ದಿನ, ಸಮಯ ಫೋನಿನಲ್ಲಿ ವಿಚಾರಿಸಿಕೊಂಡು, ಹಂಪಿ ಎಕ್ಸ್‌ಪ್ರೆಸ್ ಹತ್ತಿ ಒಮ್ಮೆ ಹೋಗಿಬನ್ನಿ. 2016ರಲ್ಲಿ ನಿಮ್ಹಾನ್ಸ್ ಮತ್ತು ಬೆಂಗಳೂರಿನವೇ ಆದ ಎನ್‌ಸಿಬಿಎಸ್, ಇನ್‌ಸ್ಟೆಮ್ ಸಂಶೋಧನಾ ಸಂಸ್ಥೆಗಳು ಸೇರಿ ಆರಂಭಿಸಿದ ಕಾರ್ಯಕ್ರಮದಲ್ಲಿ ಮನೋರೋಗವಿರುವ ಕುಟುಂಬಗಳ ರಕ್ತದಿಂದ ಕಾಂಡಕೋಶ ಮಾಡಿ, ಅವುಗಳಿಂದ ನರಕೋಶ ಬೆಳೆಸುತ್ತಾರೆ. ಇಂಥ ಪ್ರಯೋಗಾಲಯಗಳಲ್ಲಿ ಚಿತ್ರಗಳು ರಾಶಿ ಬೀಳುತ್ತವೆ, ಅವನ್ನು ಓದಬಲ್ಲವರು ಬೇಕಾಗುತ್ತಾರೆ. ಇಂಟರ್ನ್‌ಶಿಪ್ ಕೇಳಿ ಪತ್ರ ಬರೆಯುವಾಗ ಅಂಕಪಟ್ಟಿಯ ಜೊತೆ ನಿಮ್ಮ 10 ಚಿತ್ರಗಳ ಫಲಿತಾಂಶ, ಮ್ಯಾಕ್ರೋ ಫೈಲು, ಮತ್ತು ಮುಖ್ಯವಾಗಿ ಕೈ ಎಣಿಕೆಯ ಹಾಳೆಯನ್ನೂ ಲಗತ್ತಿಸಿ.